ಕನಕರಾಯನ ಬಗಲಿನ ಸೀಟು

ಸಿಂಧನೂರಿನ ದೊಡ್ಡ ದವಾಖಾನೆಯ ಹಿಂಬದಿಗೆ, ಬೇವಿನ ಗಿಡದ ಕೆಳಗೆ, ಒಂದು ಬಿಳಿ ವ್ಯಾನು ನಿಂತಿರುತ್ತದೆ. ಬಿಳಿ ಎಂದರೆ ಹೆಸರಿಗಷ್ಟೇ. ಕಾಲುವೆ ನಾಡಿನ ಕೆಸರು ಅದರ ಬಣ್ಣವನ್ನು ಎಂದೋ ನುಂಗಿ ಹಾಕಿದೆ. ಊರಿನ ಅಕ್ಕಿ ವ್ಯಾಪಾರಿಗಳು ಪುಣ್ಯಕ್ಕೆಂದು ಬಿಟ್ಟ ಹೆಣದ ಗಾಡಿ ಅದು. ಗಾಡಿಯ ಮೈಮೇಲೆ ಬರೆದಿರುವುದು 'ಮುಕ್ತಿ ವಾಹನ' ಎಂದು. ಊರವರ ಬಾಯಲ್ಲಿ ಮಾತ್ರ ಅದು ಕನಕರಾಯನ ಗಾಡಿ. ಹೆಣ ಎಂಬ ಮಾತು ಬಾಯಿಗೆ ಬರಬಾರದಲ್ಲ, ಅದಕ್ಕೆ ಡ್ರೈವರನ ಹೆಸರನ್ನೇ ಆ ಜಾಗಕ್ಕೆ ತಂದು ಕೂರಿಸಿದ್ದಾರೆ. "ಕನಕರಾಯಗ ಹೇಳಿ ಕಳಸ್ರಿ" ಎಂದು ಯಾರಾದರೂ ಅಂದರೆ ಕೇಳಿದವರು "ಅಯ್ಯೋ, ಯಾರು?" ಅನ್ನುತ್ತಾರೆ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಮನುಷ್ಯನ ಹೆಸರಿಗೆ ಇಂಥ ಗತಿ ತಂದ ಊರಿನ ಮೇಲೆ ನನಗಂತೂ ಸಿಟ್ಟು ಬರುತ್ತದೆ. ಅವನಿಗೆ ಬರುವುದಿಲ್ಲ.

ಆ ಗಾಡಿ ಹುಟ್ಟುತ್ತಲೇ ಹೆಣದ ಗಾಡಿಯಾಗಿರಲಿಲ್ಲ. ಮೊದಲು ಲಿಂಗಸುಗೂರು ಕಡೆಯ ಒಬ್ಬ ಗುತ್ತಿಗೆದಾರನ ಹತ್ತಿರ ಇತ್ತು. ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುವಂಥದ್ದು, ಗುಡ್ಡ ಕಂಡರೂ ಹಿಂದೆ ಮುಂದೆ ನೋಡದಂಥದ್ದು. ಕನಕರಾಯ ಅದರಲ್ಲಿ ಬೆಳಿಗ್ಗೆ ಆಳುಗಳನ್ನು ತುಂಬಿಕೊಂಡು ಹೋಗಿ ಸಂಜೆ ತಂದು ಬಿಡುತ್ತಿದ್ದ. ಆಗ ಗಾಡಿಯ ತುಂಬ ಗದ್ದಲ, ಬೈಗುಳ, ರೊಟ್ಟಿ ಬುತ್ತಿಯ ವಾಸನೆ. ಅವನ ಬಗಲಿನ ಸೀಟಿಗಾಗಿ ದಿನಾ ಜಗಳ. ಗುತ್ತಿಗೆ ಮುಗಿಯಿತು, ಗಾಡಿ ಮಾರಾಟಕ್ಕೆ ಬಂತು, ಸಿಂಧನೂರಿನ ವ್ಯಾಪಾರಿಗಳು ಕೊಂಡರು. ಎಮ್ಮೆಯ ಹಿಂದೆ ಕರು ಬಂದ ಹಾಗೆ ಗಾಡಿಯ ಹಿಂದೆ ಕನಕರಾಯನೂ ಬಂದ. ಗಾಡಿ ಅದೇ, ಸೀಟು ಅದೇ, ಕೂರುವವರು ಮಾತ್ರ ಇಲ್ಲವಾದರು.

ವ್ಯಾಪಾರಿಗಳು ಇಂಥ ಗಾಡಿಯನ್ನೇ ಹುಡುಕಿ ತಂದದ್ದಕ್ಕೆ ಕಾರಣವಿತ್ತು. ಈ ಸೀಮೆಯಲ್ಲಿ ಮಸಣಗಳು ಡಾಂಬರಿನ ಬದಿಗಿಲ್ಲ. ಬದುಕಿದವರಿಗೇ ನೆಟ್ಟಗೆ ದಾರಿ ಮಾಡಿಸದವರು ಸತ್ತವರಿಗೆ ಮಾಡಿಸುತ್ತಾರೆಯೆ? ಗದ್ದೆಯ ಬದು, ಕಾಲುವೆಯ ಏರಿ, ಎರೆ ಹೊಲ, ಇವನ್ನೆಲ್ಲ ದಾಟಬೇಕು. ಎರೆ ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಸಾದಾ ಗಾಡಿ ಅದರಲ್ಲಿ ಇಳಿದರೆ ಟ್ರ್ಯಾಕ್ಟರ್ ಬಂದು ಎಳೆಯುವ ತನಕ ಕದಲುವುದಿಲ್ಲ.

ಕನಕರಾಯನ ಸ್ಟೇರಿಂಗಿನ ಪಕ್ಕದಲ್ಲಿ ಎರಡು ಗುಂಡಿಗಳಿವೆ, ಒಂದು ಹಿಂದಿನ ಗಾಲಿಗಳಿಗೆ, ಒಂದು ಮುಂದಿನವಕ್ಕೆ. ಮೆಕ್ಯಾನಿಕ್ಕುಗಳು ಅದಕ್ಕೆ ಡಿಫರೆನ್ಷಿಯಲ್ ಲಾಕ್ ಅನ್ನುತ್ತಾರೆ. ಕನಕರಾಯ ನೊಗ ಅನ್ನುತ್ತಾನೆ. ಒಳ್ಳೆಯ ರಸ್ತೆಯಲ್ಲಿ ಎಡಗಾಲಿ ಬಲಗಾಲಿ ತಮ್ಮ ತಮ್ಮ ಪಾಡಿಗೆ ತಿರುಗಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಗಾಡಿ ಹೊರಳುವುದಿಲ್ಲ. ಆದರೆ ಕೆಸರಿನಲ್ಲಿ ಒಂದು ಗಾಲಿ ಜಾರಿತು ಅನ್ನಿ, ಬಲವೆಲ್ಲ ಆ ಜಾರುವ ಗಾಲಿಗೇ ಹರಿದು ಹೋಗುತ್ತದೆ. ಗಟ್ಟಿ ನೆಲ ಹಿಡಿದ ಗಾಲಿ ಸುಮ್ಮನೆ ನಿಂತು ನೋಡುತ್ತದೆ. ಗುಂಡಿ ಒತ್ತಿದರೆ ಎರಡೂ ಒಂದೇ ನೊಗಕ್ಕೆ ಬಿದ್ದು ಕೂಡಿಯೇ ತಿರುಗುತ್ತವೆ. ಒಂದು ಜಾರಿದರೂ ಇನ್ನೊಂದು ಎಳೆಯುತ್ತದೆ. ಆದರೆ ಅದಕ್ಕೆ ರೀತಿ ರಿವಾಜು ಇವೆ. ಕೆಸರಿಗೆ ಇಳಿಯುವ ಮೊದಲೇ, ಗಾಡಿ ನಿಲ್ಲಿಸಿ ಹಾಕಬೇಕು. ಗಾಲಿ ಗಿರ್ರನೆ ತಿರುಗುವಾಗ ಹಾಕಿದರೆ ಒಳಗಿನ ಹಲ್ಲು ಮುರಿಯುತ್ತವೆ. ಮುಂದಿನ ನೊಗ ಬಿದ್ದಿರುವಾಗ ಗಾಡಿ ನೆಟ್ಟಗೆ ಹೋಗುತ್ತದೆ, ಹೊರಳು ಎಂದರೆ ಹೊರಳುವುದಿಲ್ಲ. ಗಟ್ಟಿ ರಸ್ತೆಗೆ ಬಂದೊಡನೆ ಮರೆಯದೆ ಇಳಿಸಬೇಕು.

"ದುಡಿಯೋದನ್ನ ಬಿಟ್ಟು ಜಾರೋದಕ್ಕs ಎಲ್ಲಾ ಕೊಡ್ತೈತ್ರಿ ಈ ಗಾಡಿ, ಅದಕ್ಕ ನೊಗ ಹಾಕಬೇಕಾಕತಿ," ಎಂದು ಅವನು ಇದನ್ನೆಲ್ಲ ಬಿಡಿಸಿ ಹೇಳುವುದು ಯಾರಿಗೆ ಅಂದುಕೊಂಡಿರಿ? ಹಿಂದೆ ಮಲಗಿದವರಿಗೆ. ಹೆಣದ ಜೊತೆಗೆ ಬಂದವರು ಹಿಂದಿನ ಬೆಂಚಿನ ಮೇಲೆ ಅಳುತ್ತ ಕೂತಿರುತ್ತಾರೆ, ಅವರಿಗೆ ಇವನ ಮಾತು ಬೇಕಾಗಿಲ್ಲ. ಸತ್ತವರಿಗಾದರೆ ಅವಸರವಿಲ್ಲ. "ಹಂಪ್ ಬಂತ್ ನೋಡ್ರಿ ಗೌಡ್ರ, ಮೆಲ್ಲಕ ಇಳಸ್ತೀನಿ." "ಯವ್ವಾ, ಡಾಂಬರ್ ಮುಗೀತು, ಒಂಚೂರು ತಡಿ, ನೊಗ ಹಾಕ್ತೀನಿ." ಹೀಗೆ ತುಟಿ ಅಲುಗುವಷ್ಟೇ ಮೆಲ್ಲಗೆ ಮಾತಾಡುತ್ತ ಊರೂರು ತಿರುಗಿದ್ದಾನೆ. ತುರ್ವಿಹಾಳದ ಒಬ್ಬ ಮುದುಕನಿಗಂತೂ ಆ ವರ್ಷದ ಭತ್ತದ ಧಾರಣೆಯನ್ನೂ ಹೇಳಿದ್ದ.

ಇನ್ನೊಂದು ಅಭಿಮಾನ ಅವನಿಗಿತ್ತು. ಹೊರಟ ಹೆಣ ಹಿಂದಕ್ಕೆ ಬರಬಾರದು ಎಂಬುದು ಇಲ್ಲಿಯ ನಂಬಿಕೆ. ಬಂದರೆ ಮನೆಯಲ್ಲಿ ಇನ್ನೊಬ್ಬರನ್ನು ಕರೆದುಕೊಂಡು ಹೋಗುತ್ತದಂತೆ. ಅದಕ್ಕೆ ಕನಕರಾಯ ಖಾಲಿ ಇರುವಾಗಲೇ ಗಾಡಿಯನ್ನು ಹೊರಳಿಸಿ ನಿಲ್ಲಿಸಿಕೊಂಡು ಆಮೇಲೆ ಹೆಣ ಏರಿಸುತ್ತಾನೆ. ಹೆಣ ಏರಿದ ಮೇಲೆ ಅವನ ಗಾಡಿ ಒಮ್ಮೆಯೂ ರಿವರ್ಸ್ ಹೋಗಿದ್ದಿಲ್ಲ.

ಬಗಲಿನ ಸೀಟಿನ ಬಗ್ಗೆ ಊರಿನ ಆಟೋದವರು ಒಂದು ಚೇಷ್ಟೆ ಕಟ್ಟಿದ್ದರು. "ಕನಕರಾಯನ ಬಗಲಿನ ಸೀಟು ಬುಕ್ ಆಗ್ಯಾದಲೇ, ಯಮಧರ್ಮಂದು." ನಕ್ಕು ಹೇಳುವರು, ಆದರೆ ಒಬ್ಬನೂ ಅದರ ಮೇಲೆ ಕೂರಲಿಲ್ಲ. ದಾರಿಯಲ್ಲಿ ಬಸ್ಸು ತಪ್ಪಿಸಿಕೊಂಡವರು ಕೂಡ ಖಾಲಿ ವ್ಯಾನಿಗೆ ಕೈ ಎತ್ತಿ, ಹತ್ತಿರ ಬಂದ ಮೇಲೆ ಗುರುತು ಹಿಡಿದು ಕೈ ಇಳಿಸುವರು. ಹೆಣ್ಣು ನೋಡಲು ಎರಡು ಕಡೆ ಹೋಗಿ ಬಂದ. ಏನು ಕೆಲಸ ಎಂದು ಕೇಳಿದರು, ಹೇಳಿದ, ಅಲ್ಲಿಗೆ ಮುಗಿಯಿತು. ನೋಡುತ್ತ ನೋಡುತ್ತ ಕಿವಿಯ ಬಳಿ ಕೂದಲು ನರೆತವು. ಅಕ್ಕಿ ಗಿರಣಿಯ ಹಿಂದೆ ಒಂದು ಬಾಡಿಗೆ ಖೋಲಿ, ಒಂದು ಸ್ಟೋ, ಒಂದು ಹಾಸಿಗೆ. ಒಬ್ಬನೇ ಅನ್ನ ಮಾಡಿಕೊಂಡು ಒಬ್ಬನೇ ಉಂಡು ಮಲಗುವ ಮನುಷ್ಯನಿಗೆ ಮನೆ ಎಂದರೆ ಬರೀ ನಾಲ್ಕು ಗೋಡೆ. ಅವನಿಗೆ ಬೇಜಾರು ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತುಂಬ ಇತ್ತು.

ಇಂಥವನ ಎದೆಯೊಳಗೆ ಒಂದು ಆಸೆ ಹುಟ್ಟಿಕೊಂಡಿತ್ತು. ಅದಕ್ಕೆ ಕಾರಣ ಒಂದು ಮಾತು. ಆಡಿದ ಮಾತಲ್ಲ, ಆಡದೆ ಉಳಿದ ಮಾತು.

ದವಾಖಾನೆಯ ಎದುರಿಗೆ ರೇಣುಕಮ್ಮನ ಚಹದಂಗಡಿ. ಗಂಡ ತೀರಿಕೊಂಡ ಮೇಲೆ ತಾಯಿ ಹುಲಿಗೆಮ್ಮನನ್ನು ಹತ್ತಿರ ಕರೆತಂದು ಇಟ್ಟುಕೊಂಡು, ಚಹಾ ಮಂಡಕ್ಕಿ ಮಾರಿ ಬದುಕುತ್ತಿದ್ದಳು. ಮಕ್ಕಳಿರಲಿಲ್ಲ. ಬಾಯಿ ಜೋರು, ಮನಸ್ಸು ಮೆತ್ತಗೆ. ಅಂಗಡಿಗೆ ಬಂದ ಗಂಡಸರೆಲ್ಲ ಅವಳಿಗೆ ಅಣ್ಣಂದಿರು. "ಏನಣ್ಣ, ಚಾ ಏನು?" "ಅಣ್ಣ, ಸರಕ್ಕೊಂಡು ಕುಂದರು." ಪೊಲೀಸನೂ ಅಣ್ಣ, ಔಷಧಿ ಅಂಗಡಿಯವನೂ ಅಣ್ಣ, ಮೀಸೆ ಮೂಡದ ಹುಡುಗನೂ ಅಣ್ಣ. ಕನಕರಾಯನಿಗೆ ಮಾತ್ರ ಅಣ್ಣ ಅನ್ನುತ್ತಿರಲಿಲ್ಲ. ಹೆಸರು ಹಿಡಿದೂ ಕರೆಯುತ್ತಿರಲಿಲ್ಲ. "ಬಂದ್ರೇನ್ರಿ?" ಅನ್ನುವಳು. "ಚಾ ಕೊಡ್ಲೇನ್ರಿ?" ಅನ್ನುವಳು. ಅಷ್ಟೇ.

ನಮ್ಮ ಕಡೆ ಹೆಂಗಸು ಒಬ್ಬ ಗಂಡಸನ್ನು ಹೆಸರೂ ಹಿಡಿಯದೆ, ಅಣ್ಣ ಮಾವ ಎಂಬ ಬಳಕೆಯನ್ನೂ ಹಚ್ಚದೆ, ಬರೀ 'ರೀ' ಎಂದು ಕರೆಯುವುದು ಯಾರನ್ನು ಎಂಬುದು ಎಲ್ಲರಿಗೂ ಗೊತ್ತು. ಕಟ್ಟಿಕೊಂಡ ಗಂಡನನ್ನು. ಕನಕರಾಯ ಇದನ್ನು ಮೊದಲ ಸಲ ಗಮನಿಸಿದ ದಿನ ಚಹಾ ಬಾಯಿ ಸುಟ್ಟಿತ್ತು. ಆಮೇಲೆ ದಿನಾ ಕಿವಿಗೊಟ್ಟು ಕೇಳಿದ. ಊರಿಗೆಲ್ಲ ಅಣ್ಣ, ತನಗೊಬ್ಬನಿಗೆ ಇಲ್ಲ. ಗಂಡ ಸತ್ತ ಹೆಂಗಸನ್ನು ಮತ್ತೆ ಮದುವೆಯಾಗುವ ಉಡಿಕಿ ಪದ್ಧತಿ ಅವರಿಬ್ಬರ ಮಂದಿಯಲ್ಲೂ ಇತ್ತು. ಕೇಳಿದರೆ ತಪ್ಪಿಲ್ಲ. ಆದರೆ ಅವನಿಗೆ ಧೈರ್ಯ ಬರಲಿಲ್ಲ. ಕೇಳಿ ಬಿಟ್ಟರೆ ಆ 'ರೀ' ಕೂಡ ಇಲ್ಲದಂತಾದೀತು ಎಂಬ ಭಯ. ಹುಲಿಗೆಮ್ಮ ಹಾಸಿಗೆ ಹಿಡಿದಾಗ ಅವಳನ್ನು ಕೈಮೇಲೆ ಎತ್ತಿಕೊಂಡು ಹೋಗಿ ವಾರ್ಡಿಗೆ ಸೇರಿಸಿದವನು ಅವನೇ. ಮುದುಕಿ ಅವನ ಮುಖ ನೋಡಿ ಆ ಕಡೆ ತಿರುಗಿಕೊಂಡಿದ್ದಳು. ನೋವಿಗೆ ಎಂದುಕೊಂಡ.

ಮಳೆಗಾಲ ಇನ್ನೂ ಮುಗಿಯದ ಒಂದು ಬೆಳಿಗ್ಗೆ ಹುಲಿಗೆಮ್ಮ ಕಣ್ಣು ಮುಚ್ಚಿದಳು. ಗಂಡನನ್ನು ಹೂತ ಹೊಲದಲ್ಲೇ, ಅವನ ಮಗ್ಗುಲಲ್ಲೇ ತನಗೂ ಮಣ್ಣು ಆಗಬೇಕು ಎಂದು ಹೇಳಿದ್ದಳು. ಹೊಲ ಇರುವುದು ರೇಣುಕಮ್ಮನ ತವರೂರಿನಲ್ಲಿ. ಮಸ್ಕಿ ದಾಟಿ ಲಿಂಗಸುಗೂರು ದಾರಿಯಲ್ಲಿ ಸ್ವಲ್ಪ ಹೋಗಿ, ಎಡಕ್ಕೆ ಹೊರಳಿ ಒಳಗೆ ಹೋಗಬೇಕು. ಸಿಂಧನೂರಿನ ಮನೆಯಲ್ಲೇ ಮೈ ತೊಳೆದು, ವಿಭೂತಿ ಹಚ್ಚಿ, ಬಿಳಿ ಸೀರೆ ಹೊದಿಸಿ ಸಿದ್ಧ ಮಾಡಿದರು. ಊರಲ್ಲಿ ಕುಣಿ ತೋಡಿಟ್ಟು ಬಂಧುಗಳು ಕಾಯುತ್ತಿದ್ದಾರೆ ಎಂದು ಫೋನು ಬಂತು. ಹಿಂದೆ ಹೆಣದ ಜೊತೆ ಹುಲಿಗೆಮ್ಮನ ತಂಗಿ ಶೇಖಮ್ಮ ಕೂತಳು. ರೇಣುಕಮ್ಮ ಒಂದು ಕಾಲು ಹಿಂದಿನ ಮೆಟ್ಟಿಲ ಮೇಲಿಟ್ಟು ನಿಂತಳು.

"ಹೊಲದ ದಾರಿ ನಿಮಗ ಗೊತ್ತಿಲ್ಲಲ್ರಿ," ಅಂದಳು. "ನಾ ಮುಂದ ಕುಂದರ್ತೀನಿ, ತೋರಸ್ತೀನಿ."

ಹಾಗೆ ರೇಣುಕಮ್ಮ ಬಂದು ಕನಕರಾಯನ ಬಗಲಿನ ಸೀಟಿನ ಮೇಲೆ ಕೂತಳು.

ಮಸ್ಕಿ ಬರುವ ತನಕ ಅವಳು ಕಿಟಕಿಯ ಹೊರಗೆ ನೋಡಿ ಅಳುತ್ತಿದ್ದಳು, ಇವನು ರಸ್ತೆ ನೋಡುತ್ತಿದ್ದ. ಮಸ್ಕಿಯ ಪೇಟೆಯಲ್ಲಿ ಗಾಡಿ ನಿಧಾನವಾದಾಗ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಒಮ್ಮೆಲೇ ಮಾತಾಡಿದಳು.

"ಇಲ್ಲೇ ನೋಡ್ರಿ, ಈ ಸಂತ್ಯಾಗ ನಮ್ಮವ್ವ ನನ್ನ ಕಳಕೊಂಡಿದ್ಲು."

"ಹೌದೇನ್ರಿ?"

"ಹ್ಞೂಂ. ಸಣ್ಣಾಕಿ ನಾ. ಅಕಿ ಮೆಣಸಿನಕಾಯಿ ಆರಿಸ್ಕೋಂತ ಕುಂತ್ಲು, ನಾ ಬಳಿಗಾರನ ಹಿಂದ ಹೋಗಿಬಿಟ್ಟೆ. ಹುಡುಕ್ಯಾಳ ಹುಡುಕ್ಯಾಳ, ಕಡೀಗೆ ಬಳಿಗಾರನ ಹತ್ರ ಬಂದು, ನಾ ಅಲ್ಲೇ ನಿಂತೀನಿ, ನನಗs ಕೇಳ್ತಾಳ: 'ಯವ್ವಾ, ನಮ್ಮ ಹುಡುಗೀನ ಏನರ ನೋಡೀಯೇನು?' ಅಂತ. ಎರಡೂ ಕೈ ತುಂಬ ಬಳಿ ಇಟ್ಕೊಂಡು ನಿಂತಿದ್ದೆ, ಗುರುತs ಹತ್ತಿದ್ದಿಲ್ಲ ಅಕಿಗೆ!"

ಅಳುತ್ತಲೇ ನಕ್ಕಳು. ಕನಕರಾಯನಿಗೂ ನಗೆ ಬಂತು. ತಡೆಯಲಿಲ್ಲ. ಆ ಗಾಡಿಯ ಮುಂಭಾಗದಲ್ಲಿ ಇಬ್ಬರು ಕೂತು ನಕ್ಕದ್ದು ಗುತ್ತಿಗೆದಾರನ ಕೆಲಸ ಬಿಟ್ಟ ಮೇಲೆ ಅದೇ ಮೊದಲು. ಅವಳು ಹೇಳುತ್ತ ಹೋದಳು. ತಾಯಿಯ ಜೊತೆ ಹತ್ತಿ ಬಿಡಿಸಲು ಹೋದದ್ದು, ಬೆಲ್ಲದ ಗಡಿಗೆಗೆ ಕೈ ಹಾಕಿ ಸಿಕ್ಕಿಬಿದ್ದದ್ದು, ಅಪ್ಪ ಸತ್ತ ವರ್ಷ ಇಬ್ಬರೇ ಹೊಲ ಕಾದದ್ದು. ಇವನು "ಆಮ್ಯಾಗ?" ಅನ್ನುತ್ತ ಹೋದ. ಎಡಕ್ಕೆ ಹೊರಳ್ರಿ ಅಂದಳು, ಹೊರಳಿದ. ಗಾಡಿ ಇಷ್ಟು ಮೆತ್ತಗೆ ಓಡುತ್ತದೆಂಬುದು ಅವನಿಗೇ ಗೊತ್ತಿರಲಿಲ್ಲ. ಹಿಂದೆ ಮಲಗಿದ ಹುಲಿಗೆಮ್ಮನ ಜೊತೆ ಆವತ್ತು ಒಂದು ಮಾತೂ ಆಡಲಿಲ್ಲ. ಒಂದು ಹಂಪನ್ನೂ ಹೇಳಲಿಲ್ಲ.

ಡಾಂಬರು ಮುಗಿಯುವ ಜಾಗ ಅವನಿಗೆ ಕಂಡಿತ್ತು. ಕಾಣಲಿಲ್ಲ ಎಂದರೆ ಸುಳ್ಳು. ಸಣ್ಣ ಕಾಲುವೆ ಒಸರಿ ಎರೆ ಹೊಲದ ದಾರಿ ಕರ್ರಗೆ ಹೊಳೆಯುತ್ತಿತ್ತು. ಅಲ್ಲಿ ನಿಲ್ಲಬೇಕು, ನೊಗ ಹಾಕಬೇಕು, ಆಮೇಲೆ ಇಳಿಯಬೇಕು. ಆದರೆ ರೇಣುಕಮ್ಮ ಏನೋ ಹೇಳುತ್ತಿದ್ದಳು. ನಿಲ್ಲಿಸಿದರೆ ಮಾತು ನಿಲ್ಲುತ್ತದೆ, ಬಂತೇನು ಎಂದು ಅವಳು ಹೊರಗೆ ನೋಡುತ್ತಾಳೆ, ಮತ್ತೆ ಅಳು ಶುರುವಾಗುತ್ತದೆ, ಆಮೇಲೆ ಈ ದಾರಿ ಮುಗಿದೇ ಹೋಗುತ್ತದೆ. ಒಂದಿಷ್ಟು ಮುಂದೆ ಹೋಗಿ ಹಾಕಿದರಾಯಿತು ಎಂದುಕೊಂಡ.

ಗಾಡಿ ಒಮ್ಮೆ ಎಡಕ್ಕೆ ವಾಲಿತು. ಹಿಂದಿನ ಬಲಗಾಲಿ ಗಿರ್ರೆಂದು ತಿರುಗಿ ಕೆಸರು ಎರಚಿತು. ಬೇರೆ ಡ್ರೈವರುಗಳು ಮಾಡಿದರೆ ಬಾಯಿಗೆ ಬಂದಂತೆ ಬೈಯುತ್ತಿದ್ದ ಕೆಲಸವನ್ನೇ ಅವನ ಕಾಲು ಮಾಡಿತು. ಗಾಬರಿಯಲ್ಲಿ ಎಕ್ಸಲರೇಟರ್ ಒತ್ತಿಬಿಟ್ಟ. ಗಾಲಿ ತನ್ನ ಕುಣಿಯನ್ನು ತಾನೇ ತೋಡಿಕೊಂಡಿತು. ಕಾಲು ತೆಗೆದು, ಗಾಲಿ ನಿಂತ ಮೇಲೆ ಎರಡೂ ಗುಂಡಿ ಒತ್ತಿದ. ನೊಗ ಬಿತ್ತು, ಆದರೆ ಹೊತ್ತು ಮೀರಿತ್ತು. ಗಾಡಿಯ ಹೊಟ್ಟೆ ಮಣ್ಣಿಗೆ ಕೂತಿತ್ತು.

ರೇಣುಕಮ್ಮನ ಮಾತು ನಿಂತಿತು. ಹಿಂದಿನಿಂದ ಶೇಖಮ್ಮನ ದನಿ ಬಂತು: "ಏನಾತವ್ವಾ?"

ಕನಕರಾಯ ಇಳಿದು ನೋಡಿದ. ಮುಂದೆ ಹೋಗುವ ಹಾಗಿಲ್ಲ. ಒಂದೇ ಹಾದಿ ಇತ್ತು. ತಾನು ತುಳಿದು ಬಂದ ಗಾಲಿಯ ಜಾಡು ಒತ್ತಿ ಗಟ್ಟಿಯಾಗಿದೆ. ಅದರ ಮೇಲೆ ಒಂದು ಗಾಡಿ ಉದ್ದದಷ್ಟು ಹಿಂದಕ್ಕೆ ಹೋಗಿ, ಅಲ್ಲಿಂದ ಹುಲ್ಲಿರುವ ಎಡಬದುವನ್ನು ಹಿಡಿದು ಬರಬೇಕು. ಹಿಂದಕ್ಕೆ ಎಂಬ ಮಾತು ಮನಸ್ಸಿಗೆ ಬಂದೊಡನೆ ಅವನು ಗಾಡಿಯ ಹಿಂದಿನ ಬಾಗಿಲ ಕಡೆ ನೋಡಿದ.

ಅಷ್ಟರಲ್ಲಿ ಕುಣಿಯ ಹತ್ತಿರ ಕಾಯುತ್ತಿದ್ದವರಲ್ಲಿ ಕೆಲವರು ಕೆಸರು ತುಳಿಯುತ್ತ ಬಂದರು. ಎಲ್ಲ ವಯಸ್ಸಾದವರು. ಮುಂದೆ ಇದ್ದವನು ನರಸಣ್ಣ, ರೇಣುಕಮ್ಮನ ಅಪ್ಪನ ಅಣ್ಣ. ಹೆಗಲ ಮೇಲೆ ಹೊತ್ತುಕೊಂಡು ಹೋಗೋಣವೆಂದು ಇಬ್ಬರು ಮುಂದೆ ಬಂದು ಕಾಲೂರಿ ನೋಡಿದರು. ಮೊಣಕಾಲ ತನಕ ಹೂತುಹೋಯಿತು, ಒಬ್ಬ ಅಲ್ಲೇ ಕುಕ್ಕರಿಸಿದ. ಹೆಣ ಕೆಸರಿಗೆ ಬಿದ್ದರೆ ಗತಿಯೇನು ಎಂದು ಆ ವಿಚಾರ ಬಿಟ್ಟರು.

ಕನಕರಾಯ ಕೈ ಮುಗಿದು ಹೇಳಿದ: "ಯಜಮಾನ್ರ, ಸ್ವಲ್ಪs ಹಿಂದಕ್ಕ ಬಿಡ್ತೀನಿ. ನೊಗ ಹಾಕೀನಿ, ಜಾಡು ಗಟ್ಟಿ ಐತಿ. ಮತ್ತ ಈ ಕಡಿಂದ ಮುಂದಕ್ಕ ತರ್ತೀನಿ."

"ಹಿಂದಕ್ಕ?" ನರಸಣ್ಣನ ಕಣ್ಣು ಕೆಂಪಾದವು. "ಹೊಂಟ ಹೆಣ ಹಿಂದಕ್ಕ ಒಯ್ತೀಯಾ? ನಮ್ಮ ಮನಿ ಉಳೀಬೇಕೋ ಬ್ಯಾಡೋ? ಡ್ರೈವರ ನೀ, ಗಾಡಿ ಹೊಡಿ. ಶಾಸ್ತ್ರ ಹೇಳಬ್ಯಾಡ."

ಶೇಖಮ್ಮ ಹಿಂದಿನ ಬಾಗಿಲಿನಿಂದ ಇಣುಕಿದಳು. ಅಕ್ಕನನ್ನು ಕಳಕೊಂಡ ಸಂಕಟ, ಜೊತೆಗೆ ದಾರಿಯುದ್ದಕ್ಕೂ ಕಿವಿಯಲ್ಲಿ ತುಂಬಿಕೊಂಡದ್ದು, ಎರಡೂ ಕೂಡಿ ಹೊರಬಿದ್ದವು. "ಗಾಡಿ ಕಡೆ ಗ್ಯಾನ ಎಲ್ಲಿತ್ತು ಇವಗ? ಮಸ್ಕಿಯಿಂದ ಇಬ್ರೂ ಮಾತಾಡಿದ್ದs ಮಾತಾಡಿದ್ದು. ನಗಾಕತ್ತಿದ್ರು, ನರಸಣ್ಣ! ಇಲ್ಲಿ ನಮ್ಮಕ್ಕ ಮಲಗ್ಯಾಳ, ಅಲ್ಲಿ ಮುಂದ ಕುಂತು ನಗಾಕತ್ತಿದ್ರು."

ಕನಕರಾಯನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಶೇಖಮ್ಮ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ರೇಣುಕಮ್ಮ ನಕ್ಕದ್ದು ದುಃಖಕ್ಕೆ. ಅವನು ನಕ್ಕದ್ದು ಸಂತೋಷಕ್ಕೆ. ತಾಯಿಯ ಹೆಣ ಹಿಂದಿಟ್ಟುಕೊಂಡು ಬಂದ ಹೆಣ್ಣಿನ ಪಕ್ಕ ಕೂತು ಅವನು ಸಂತೋಷವಾಗಿದ್ದ. ಇಷ್ಟು ವರ್ಷ ಎಷ್ಟೋ ಮಂದಿಯ ಹೆಣ ಹೊತ್ತು ಒಮ್ಮೆಯೂ ಮಾಡದ ಅಪಚಾರ ಅದು ಎಂದು ಅವನಿಗೆ ಅನ್ನಿಸಿತು.

ನರಸಣ್ಣ ರೇಣುಕಮ್ಮನ ಕಡೆ ತಿರುಗಿದ. ದನಿ ಏರಿಸದೆ ಕೇಳಿದ: "ಯಾರವ್ವ ಇವ ನಿನಗ?"

ಕನಕರಾಯ ತಲೆ ಎತ್ತಿದ. ತನಗೆ ಕೇಳಲಾಗದ್ದನ್ನು ಆ ಮುದುಕ ಕೇಳಿಬಿಟ್ಟಿದ್ದ. ಇಂಥ ಹೊತ್ತಿನಲ್ಲಿ ಆಸೆ ಪಡಬಾರದು ಎಂದು ಗೊತ್ತಿದ್ದೂ ಅವಳ ಉತ್ತರಕ್ಕೆ ಕಾದ.

ರೇಣುಕಮ್ಮ ಸೆರಗು ಸಿಕ್ಕಿಸಿಕೊಂಡು ಗಾಡಿಯಿಂದ ಇಳಿದಳು. ಕೆಸರಿನಲ್ಲಿ ನಡೆದು ಬಂದು ಕನಕರಾಯನ ಪಕ್ಕದಲ್ಲಿ ನಿಂತಳು.

"ನಮ್ಮಣ್ಣ," ಅಂದಳು.

ಆಮೇಲೆ ಗಟ್ಟಿಯಾಗಿ ಅಂದಳು: "ಕೇಳ್ರಿ ದೊಡ್ಡಪ್ಪಾ, ನಮ್ಮಣ್ಣ ಇವ. ಅವ್ವ ನೆಲಕ್ಕ ಬಿದ್ದಾಗ ಎರಡೂ ಕೈಲೆ ಎತ್ಕೊಂಡು ದವಾಖಾನಿಗೆ ಒಯ್ದವ ಇವ. ನೀವ್ಯಾರ್ ಬಂದ್ರಿ? ಅವ್ವಗ ಮಗ ಇದ್ರ ಏನ್ ಮಾಡ್ತಿದ್ದನೋ ಅದನ್ನ ಮಾಡ್ಯಾನ. ಅವ ಹಿಂದಕ್ಕ ಅಂದ್ರ ಹಿಂದಕ್ಕ. ಏನರ ಕೇಡು ಬಂದ್ರ ನನ್ನ ತಲಿ ಮ್ಯಾಲ ಬರ್ಲಿ. ನನ್ನ ಬಿಟ್ಟು ಆ ಮನ್ಯಾಗ ಯಾರದಾರ?"

ಮಗನ ಹಾಗೆ ಇರುವವನು ಹೇಳಿದ ಮೇಲೆ ಅದು ಮನೆಯ ಮಾತು, ಡ್ರೈವರನ ಮಾತಲ್ಲ. "ಹಂಗಾದ್ರ ನಡಿ," ಎಂದು ನರಸಣ್ಣ ದಾರಿ ಬಿಟ್ಟ.

ಮುಂದಿನ ಕೆಲಸವನ್ನು ಕನಕರಾಯನ ಕೈಗಳು ತಾವೇ ಮಾಡಿದವು. ಹೊಟ್ಟೆಯ ಕೆಳಗಿನ ಮಣ್ಣನ್ನು ಸಲಿಕೆಯಿಂದ ತೆಗೆದ. ಬದುವಿನ ಬಣವೆಯಿಂದ ಒಣ ಹತ್ತಿಕಟ್ಟಿಗೆ ತರಿಸಿ ಗಾಲಿಗಳ ಹಿಂದೆ ಒತ್ತೊತ್ತಾಗಿ ಹಾಸಿದ. ಸ್ಟೇರಿಂಗ್ ನೆಟ್ಟಗಿಟ್ಟು, ಎರಡೂ ನೊಗ ಇರುವಂತೆಯೇ, ಇಂಜಿನ್ನಿನ ದನಿ ಏರಗೊಡದೆ ರಿವರ್ಸ್ ಹಾಕಿದ. ಕಟ್ಟಿಗೆ ಪಟಪಟ ಮುರಿದವು. ಒಂದು ಗಾಲಿ ಜಾರಿತು, ಅದರ ಜೋಡಿ ಗಾಲಿ ಹಿಡಿಯಿತು, ಗಾಡಿ ಎದ್ದು ನಿಂತು ತನ್ನ ಜಾಡಿನ ಮೇಲೆ ಹಿಂದಕ್ಕೆ ಸರಿಯಿತು. ಅಲ್ಲಿ ನಿಲ್ಲಿಸಿ, ಹೊರಳಲು ಬೇಕೆಂದು ಮುಂದಿನ ನೊಗ ಇಳಿಸಿ, ಹುಲ್ಲಿನ ಬದುವಿಗೆ ಗಾಡಿ ನೆಟ್ಟಗಾದ ಮೇಲೆ ಮತ್ತೆ ಹಾಕಿದ. ಬಂದವರು ಎರಡೂ ಕಡೆ ನಿಂತು ನೋಡುತ್ತಿದ್ದರು. ಎರೆ ಕೆಸರಿನ ನಡುವೆ ಗಾಡಿ ಅಳುಕದೆ ನಡೆಯಿತು. ಬೇರೆ ದಿನವಾಗಿದ್ದರೆ ಕನಕರಾಯ ಹಿಂದೆ ಮಲಗಿದವರಿಗೆ "ನೋಡಿದ್ರೇನು?" ಅನ್ನುತ್ತಿದ್ದ. ಆವತ್ತು ಅಣ್ಣ ಎಂಬ ಆ ಎರಡಕ್ಷರ ಕಿವಿಯಿಂದ ಇಳಿಯದೆ ಅಲ್ಲೇ ಕೂತಿತ್ತು.

ಕುಣಿಯ ಹತ್ತಿರ ಹೆಣ ಇಳಿಸಿದರು. ಕನಕರಾಯ ಎಂದಿನಂತೆ ಗಾಡಿಯ ಪಕ್ಕಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತ. ಅದು ಅವನ ಪದ್ಧತಿ. ಯಾರ ಕುಣಿಯ ಹತ್ತಿರವೂ ಹೋಗುತ್ತಿರಲಿಲ್ಲ, ಯಾರೂ ಕರೆಯುತ್ತಲೂ ಇರಲಿಲ್ಲ. ಆವತ್ತು ನರಸಣ್ಣ ಕರೆದ.

"ಏ ತಮ್ಮಾ, ಅಲ್ಲೇನ್ ನಿಂತಿ? ಅಕಿ ಅಣ್ಣ ಅಂದ ಮ್ಯಾಲ ಹುಲಿಗೆಮ್ಮ ನಿಮ್ಮವ್ವ ಆದಂಗಾತು. ಮೊದಲ ಮಣ್ಣು ನೀನs ಹಾಕಬೇಕು, ಬಾ."

ಕನಕರಾಯ ಹೋದ. ಮೊಣಕಾಲೂರಿ ಕೂತ. ಬಿಳಿ ಸೀರೆಯ ಮೇಲೆ ಹಿಡಿ ಮಣ್ಣು ಹಾಕುವಾಗ ಅವನಿಗೆ ತಡೆಯಲಾರದಷ್ಟು ಅಳು ಬಂತು. ತಪ್ಪಾತು ಯವ್ವಾ, ನಾ ಹಂಗ ನಗಬಾರದಿತ್ತು ಎಂದು ಮನಸ್ಸಿನಲ್ಲೇ ಹೇಳಿದ. ಸುತ್ತ ನಿಂತವರು ಅವನ ಅಳು ನೋಡಿ ಪಾಪ ಎಂದರು. ಶೇಖಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡಳು. ಮಗನಂಥವನು ತಾಯಿಗಾಗಿ ಅಳುತ್ತಿದ್ದಾನೆ ಎಂದುಕೊಂಡರು. ಅವನು ಹುಲಿಗೆಮ್ಮನಿಗಾಗಿ ಅತ್ತದ್ದು ನಿಜ. ಅದರ ಜೊತೆಗೆ ಇನ್ನೇನನ್ನು ಅವನು ಆ ಕುಣಿಯಲ್ಲಿ ಮಣ್ಣು ಮಾಡಿದನೆಂಬುದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ.

ಹೊತ್ತು ಇಳಿಯುತ್ತಿತ್ತು. ರೇಣುಕಮ್ಮ, ಶೇಖಮ್ಮ ಕರ್ಮ ಮುಗಿಯುವ ತನಕ ಊರಲ್ಲೇ ಉಳಿಯುವವರು. ಕನಕರಾಯ ಕೈಕಾಲು ತೊಳೆದುಕೊಂಡು ಗಾಡಿ ಹತ್ತಿದ. ರೇಣುಕಮ್ಮ ಕಿಟಕಿಯ ಹತ್ತಿರ ಬಂದಳು. ಅತ್ತೂ ಅತ್ತೂ ಮುಖ ಊದಿತ್ತು, ಆದರೆ ಕಣ್ಣು ತಿಳಿಯಾಗಿದ್ದವು.

"ಸಿಟ್ಟಾಗಬ್ಯಾಡ," ಅಂದಳು. ರೀ ಎಂಬುದು ಬಿದ್ದು ಹೋಗಿತ್ತು. "ಇಷ್ಟ್ ದಿನಾ ನಿನಗ ಅಣ್ಣ ಅಂತ ಬಾಯಿ ತುಂಬ ಕರೀಲಿಲ್ಲ ನಾ. ಕರೀಬೇಕಂತ ಎಷ್ಟ್ ಸಲ ಬಾಯಿಗೆ ಬರ್ತಿತ್ತು. ಅವ್ವ ಬಿಡ್ತಿದ್ದಿಲ್ಲ. 'ಹೆಣದ ಗಾಡಿಯವನ ಕೂಡ ಬಳಕಿ ಹಚ್ಚಬ್ಯಾಡ, ಅಣ್ಣ ತಮ್ಮ ಅಂದ್ರ ಅವನ ಗಾಡಿ ನಮ್ಮ ಬಾಗಲಿಗೆ ಬರ್ತೈತಿ' ಅಂತಿದ್ಲು. ಅಕೀನ ಕಳಕೊಂಡೇನಂತ ನನಗ ಅಂಜಿಕಿ. ಊರಿಗೆಲ್ಲಾ ಅಣ್ಣ ಅಂತಿದ್ದೆ, ನಿನಗ ಬರೀ ರೀ ರೀ ಅಂತಿದ್ದೆ. ನಿನಗ ಎಷ್ಟ್ ಬ್ಯಾಸರ ಆಗಿರಬೇಕು."

ಕನಕರಾಯ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ವರ್ಷಗಟ್ಟಲೆ ಯಾವುದನ್ನು ಮಡಿಲಲ್ಲಿಟ್ಟುಕೊಂಡು ಮಲಗುತ್ತಿದ್ದನೋ ಅದು ಬರೀ ಒಂದು ಅಂಜಿಕೆಯಾಗಿತ್ತು. ತನ್ನನ್ನು ದೂರ ಇಡಲು ಅಂದ ಮಾತನ್ನೇ ಹತ್ತಿರದ ಮಾತು ಎಂದುಕೊಂಡು ಬದುಕಿದ್ದ.

"ಏನಿಲ್ಲ, ಬ್ಯಾಸರ ಇಲ್ಲ," ಅಂದ.

"ಇನ್ ಅಂಜಿಕಿ ಇಲ್ಲ. ಹೋಗಬೇಕಾದಾಕಿ ಹೋದ್ಲು." ಅವಳು ಕಿಟಕಿಯ ಮೇಲೆ ಕೈ ಇಟ್ಟಳು. "ಪಂಚಮಿ ಬಂತಂದ್ರ ಓಣ್ಯಾಗಿನ ಹೆಣ್ಮಕ್ಕಳನ್ನೆಲ್ಲ ಅವರವರ ಅಣ್ಣ ತಮ್ಮರು ಬಂದು ತವರಿಗೆ ಕರಕೊಂಡು ಹೋಗ್ತಾರ. ನಾನೂ ಅವ್ವನೂ ಒಬ್ಬರ ಮಾರಿ ಒಬ್ರು ನೋಡ್ಕೋಂತ ಕುಂದರ್ತಿದ್ವಿ. ಇನ್ ಮುಂದ ಅದೂ ಇಲ್ಲ. ಈ ವರ್ಷದ್ದು ಮುಗೀತು. ಬರೋ ಪಂಚಮಿಗೆ ನನ್ನ ಕರಿಯಾಕ ಬರ್ತೀಯೇನಣ್ಣ?"

ಗಿರಣಿಯ ಹಿಂದಿನ ಆ ಖೋಲಿ ಒಬ್ಬ ಹೆಣ್ಣುಮಗಳಿಗೆ ತವರಾಗುವುದೆಂದರೆ ಏನೆಂದು ಅವನಿಗೆ ಒಮ್ಮೆಲೇ ತಿಳಿಯಿತು. ಯಾರೂ ಇಲ್ಲದವನಿಗೆ ಇದಕ್ಕಿಂತ ದೊಡ್ಡದನ್ನು ಯಾರೂ ಕೊಡಲಾರರು. ಬೇಡ ಅನ್ನಲು ಬಾಯಿ ಬರುವುದಿಲ್ಲ. ಬೇಕು ಅನ್ನಲು ಎದೆ ಒಪ್ಪುತ್ತಿಲ್ಲ.

"ಬರ್ತೀನಿ," ಅಂದ.

ಅವಳು ಕೈ ತೆಗೆಯಲಿಲ್ಲ. ಇನ್ನೂ ಒಂದು ಮಾತು ಬಾಕಿ ಇದೆ ಎನ್ನುವಂತೆ ಅವನ ಮುಖವನ್ನೇ ನೋಡುತ್ತ ನಿಂತಳು. ಹೊಲದಿಂದ ಯಾರೋ ಅವಳನ್ನು ಕರೆದರು, ತಿರುಗಲಿಲ್ಲ. ಕನಕರಾಯ ಸ್ಟೇರಿಂಗಿನಿಂದ ಕೈ ತೆಗೆದು ಅವಳ ಕಡೆ ತಿರುಗಿದ.

"ಬರ್ತೀನಿ, ತಂಗಿ."